ಅರವತ್ತು ದಾಟಿದ ಮನೆಗಳಲ್ಲಿ ನಗು ಎಲ್ಲಿಂದ ಬರುತ್ತದೆ? ನಿಮ್ಮ ಊರಿನ ಸಂಗತಿ ಹೇಳಿ

ನಿವೃತ್ತ ಶಿಕ್ಷಕಿ, ವಿಜಯಪುರ

ಎಲ್ಲರಿಗೂ ಶರಣು. ನಮ್ಮ ಓಣಿಯಲ್ಲಿ ಈಗ ಅರವತ್ತು ದಾಟಿದವರೇ ಹೆಚ್ಚು. ಮಕ್ಕಳು ಪುಣೆ, ಬೆಂಗಳೂರು ಎಂದು ನೌಕರಿ ಹಿಡಿದು ಹೋಗಿದ್ದಾರೆ. ಸಂಜೆ ಹನುಮಪ್ಪನ ಗುಡಿಯ ಕಟ್ಟೆಗೆ ಬಂದು ಕುಳಿತರೆ ಮಾತು ಸಕ್ಕರೆ ಕಾಯಿಲೆಯಿಂದ ಶುರುವಾಗಿ ಮೊಣಕಾಲು ನೋವಿಗೆ ಬಂದು ನಿಲ್ಲುತ್ತದೆ. ಯಾರನ್ನೂ ದೂರುತ್ತಿಲ್ಲ, ನೋವಿದ್ದವರು ನೋವಿನ ಮಾತನ್ನೇ ಆಡುತ್ತಾರೆ. ಆದರೆ ಇದೇ ಮಂದಿ ಇದೇ ಕಟ್ಟೆಯ ಮೇಲೆ ಹೊಟ್ಟೆ ಹುಣ್ಣಾಗುವಂತೆ ನಕ್ಕದ್ದನ್ನು ನಾನು ಕಂಡಿದ್ದೇನೆ. ಆ ನಗು ಎಲ್ಲಿಗೂ ಹೋಗಿಲ್ಲ. ಅದನ್ನು ಹೊರಗೆ ಕರೆಯುವವರು ಕಡಿಮೆಯಾಗಿದ್ದಾರೆ.

ನಮ್ಮಲ್ಲಿ ಹಾಗೆ ಕರೆಯುವವರು ಒಬ್ಬರಿದ್ದಾರೆ. ನಿವೃತ್ತ ಬಸ್ ಕಂಡಕ್ಟರು. ಅವರು ಕಟ್ಟೆಗೆ ಬಂದರೆ ಕುಳಿತವರಿಗೆಲ್ಲ "ಒಳಗೆ ಸರಿಯಿರಿ, ಹಿಂದೆ ಜಾಗ ಇದೆ" ಎನ್ನುತ್ತಾರೆ. ಯಾರಾದರೂ ತಮ್ಮ ರಕ್ತ ಪರೀಕ್ಷೆಯ ವರದಿಯನ್ನು ಮೂರನೆಯ ಸಲ ಓದಿ ಹೇಳಲು ತೊಡಗಿದರೆ "ಜಿಲ್ಲಾ ಆಸ್ಪತ್ರೆ ಸ್ಟಾಪ್, ಇಳಿಯುವವರು ಇಳಿಯಿರಿ!" ಎಂದು ಕೂಗುತ್ತಾರೆ. ವರದಿ ಹೇಳುತ್ತಿದ್ದವರೇ ಮೊದಲು ನಗುತ್ತಾರೆ. ಅವರು ಊರಲ್ಲಿ ಇಲ್ಲದ ದಿನ ಕಟ್ಟೆ ಬೇಗ ಖಾಲಿಯಾಗುತ್ತದೆ.

ಸಕಾರಾತ್ಮಕವಾಗಿ ಯೋಚಿಸಬೇಕು ಎನ್ನುವ ಸಂದೇಶಗಳು ನನಗೆ ದಿನವೂ ಬೆಳಗ್ಗೆ ಗುಲಾಬಿ ಹೂವಿನ ಚಿತ್ರದೊಂದಿಗೆ ಬರುತ್ತವೆ. ಕಳುಹಿಸುವವರ ಪ್ರೀತಿ ದೊಡ್ಡದು. ಆದರೂ ಇಲ್ಲಿ ನಾನು ಕೇಳುತ್ತಿರುವುದು ಬೇರೆ. ನಿಮ್ಮ ಮನೆಯ, ಓಣಿಯ ಹಿರಿಯರು ನಿಜವಾಗಿ ನಕ್ಕದ್ದು ಯಾವಾಗ, ಏತಕ್ಕೆ? ಅದನ್ನು ಬರೆಯಿರಿ.

ನಿವೃತ್ತ ಬ್ಯಾಂಕ್ ನೌಕರ, ನವನಗರ, ಬಾಗಲಕೋಟೆ

ಅಕ್ಕಾವರೇ, ನಮಗೆ ವರ್ಷದ ದೊಡ್ಡ ನಗೆಹಬ್ಬ ನವೆಂಬರ್ ತಿಂಗಳಲ್ಲಿ ಬರುತ್ತದೆ. ಪಿಂಚಣಿದಾರರೆಲ್ಲ ತಾವು ಬದುಕಿದ್ದೇವೆ ಎಂದು ಜೀವನ ಪ್ರಮಾಣ ಪತ್ರ ಕೊಡುವ ತಿಂಗಳು ಅದು. 2014ರಿಂದ ಇದನ್ನು ಬೆರಳಚ್ಚು ಕೊಟ್ಟು ಡಿಜಿಟಲ್ ಆಗಿ ಮಾಡಬಹುದು. 2021ರಿಂದ ಮುಖ ತೋರಿಸಿದರೂ ಸಾಕು, ಮನೆಯಲ್ಲೇ ಕುಳಿತು ಮೊಬೈಲ್‌ನಲ್ಲಿ ಮುಗಿಸಬಹುದು. ನಮ್ಮ ಗುಂಪಿನವರಿಗೆ ಇದೆಲ್ಲ ಚೆನ್ನಾಗಿ ಗೊತ್ತಿದೆ. ಆದರೂ ನಾವು ಒಂದು ದಿನ ಗೊತ್ತುಮಾಡಿಕೊಂಡು ಎಲ್ಲರೂ ಒಟ್ಟಿಗೇ ಬ್ಯಾಂಕಿಗೆ ಹೋಗುತ್ತೇವೆ.

ವಯಸ್ಸಾದಂತೆ ಬೆರಳ ಗೆರೆಗಳು ಸವೆಯುತ್ತವೆ, ಯಂತ್ರಕ್ಕೆ ಸರಿಯಾಗಿ ಸಿಗುವುದಿಲ್ಲ. ಹೋದ ವರ್ಷ ನಮ್ಮ ಪೋಸ್ಟ್‌ಮ್ಯಾನ್ ಗೆಳೆಯರ ಹೆಬ್ಬೆರಳನ್ನು ಯಂತ್ರ ಒಪ್ಪಲಿಲ್ಲ. ತೋರುಬೆರಳನ್ನೂ ಒಪ್ಪಲಿಲ್ಲ. ಕೌಂಟರಿನ ಹುಡುಗಿ ಒದ್ದೆ ಬಟ್ಟೆಯಿಂದ ಒರೆಸಿ ಒಂದೊಂದೇ ಬೆರಳು ಇಡಿಸಿದಳು. ಪಾಪ, ಬೆವರಿದ್ದಳು. "ಅಜ್ಜಾ, ನಿಮ್ಮ ಗುರುತು ಸಿಗುತ್ತಿಲ್ಲ" ಎಂದಳು. ಇವರು ಕೈಮುಗಿದು "ಬಹಳ ಒಳ್ಳೆಯದಾಯಿತು ತಾಯಿ, ಇಂಥದೇ ಒಂದು ಯಂತ್ರವನ್ನು ಯಮಧರ್ಮನಿಗೂ ಕೊಟ್ಟುಬಿಡಿ" ಎಂದರು. ಕ್ಯಾಷಿಯರ್ ಎಣಿಸುತ್ತಿದ್ದ ನೋಟು ಬಿಟ್ಟು ನಕ್ಕರು. ಕೊನೆಗೆ ಮುಖ ತೋರಿಸಿ ಕೆಲಸ ಮುಗಿಯಿತು.

ಆಮೇಲೆ ಚಹಾ, ಮಂಡಕ್ಕಿ, ಮಿರ್ಚಿ ಭಜಿ. ಆಲಮಟ್ಟಿ ಹಿನ್ನೀರಿಗೆ ಹಳೆಯ ಬಾಗಲಕೋಟೆ ಬಿಟ್ಟುಬಂದವರು ನಾವು. ಒಂದೇ ಓಣಿಯ ಮಂದಿ ಬೇರೆ ಬೇರೆ ಸೆಕ್ಟರಿಗೆ ಚದುರಿದ್ದೇವೆ. ನಮ್ಮಲ್ಲಿ ಇಬ್ಬರು ಈಗಲೂ ದಾರಿ ಹೇಳುವಾಗ ಮುಳುಗಿದ ಅಂಗಡಿಗಳ ಗುರುತನ್ನೇ ಹೇಳುತ್ತಾರೆ. "ಶೆಟ್ಟರ ಕಿರಾಣಿ ಅಂಗಡಿ ಇತ್ತಲ್ಲ, ಅಲ್ಲಿಂದ ಎಡಕ್ಕೆ" ಎಂದು ಒಬ್ಬರು ಹೇಳಿದರೆ "ಎಡಕ್ಕೆ ಹೋಗಬೇಡಿ, ಆಳ ಹೆಚ್ಚು" ಎಂದು ಇನ್ನೊಬ್ಬರು ಎಚ್ಚರಿಸುತ್ತಾರೆ. ಮನೆ ಕಳೆದುಕೊಂಡ ಸಂಕಟವೂ ಆ ಮಾತಿನಲ್ಲಿದೆ. ಹೊಸ ಪೀಳಿಗೆಗೆ ಇದು ನಗೆಮಾತೆಂದೇ ಹೊಳೆಯುವುದಿಲ್ಲ. ನಾವು ಮಾತ್ರ ಕಣ್ಣಲ್ಲಿ ನೀರು ಬರುವವರೆಗೆ ನಗುತ್ತೇವೆ.

ಭಜನಾ ಮಂಡಳಿ, ಜಮಖಂಡಿ

2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಪ್ರಯಾಣದ ಶಕ್ತಿ ಯೋಜನೆ ಶುರುವಾಯಿತು. ಅಂದಿನಿಂದ ನಮ್ಮ ಮಂಡಳಿಯ ಹೆಂಗಸರು ಮನೆಯಲ್ಲಿ ನಿಂತಿಲ್ಲ. ಕೂಡಲಸಂಗಮ, ಬಾದಾಮಿ, ಸವದತ್ತಿ ಎಲ್ಲ ಆಯಿತು. ಮೊದಲು ಎಲ್ಲಿಗಾದರೂ ಹೋಗಬೇಕೆಂದರೆ ಮಗನ ಬಳಿ ಹಣ ಕೇಳಬೇಕಿತ್ತು, ಏಕೆ ಎಂದು ಹೇಳಬೇಕಿತ್ತು. ಈಗ ರೊಟ್ಟಿ ಬುತ್ತಿ ಕಟ್ಟಿಕೊಂಡು ಆಧಾರ್ ಕಾರ್ಡ್ ಸೆರಗಿಗೆ ಗಂಟು ಹಾಕಿಕೊಂಡರೆ ಮುಗಿಯಿತು.

ಬಾದಾಮಿ ಬಸ್ಸಿನಲ್ಲಿ ನಡೆದದ್ದು ಹೇಳುತ್ತೇನೆ. ಕಂಡಕ್ಟರ್ ಹುಡುಗ ನಮ್ಮ ದೊಡ್ಡವ್ವನ ಕಾರ್ಡ್ ನೋಡಿ, ಮುಖ ನೋಡಿ, ಮತ್ತೆ ಕಾರ್ಡ್ ನೋಡಿ "ಅಮ್ಮಾ, ಫೋಟೊದಲ್ಲಿರುವುದು ನೀವೇನಾ?" ಎಂದ. ದೊಡ್ಡವ್ವ "ಅವಳು ನನ್ನ ಅಕ್ಕನಂತೆ ಕಾಣುತ್ತಾಳೋ, ತಂಗಿಯಂತೆ ಕಾಣುತ್ತಾಳೋ? ಮೊದಲು ಅದನ್ನು ಹೇಳು" ಎಂದಳು. ಬಸ್ಸೆಲ್ಲ ಕಿವಿಗೊಟ್ಟು ಕುಳಿತಿತು. ಹುಡುಗ ಬುದ್ಧಿವಂತ. "ಅಕ್ಕನಂತೆ ಕಾಣುತ್ತಾರೆ, ನೀವೇ ಚಿಕ್ಕವರು" ಎಂದ. ದೊಡ್ಡವ್ವ ಬುತ್ತಿ ಬಿಚ್ಚಿ ಅವನ ಕೈಗೆ ಶೇಂಗಾ ಹೋಳಿಗೆ ಇಟ್ಟಳು. ಅವಳ ಗಂಡ ತೀರಿಕೊಂಡ ಮೇಲೆ ಅಷ್ಟು ಜೋರಾಗಿ ಅವಳು ನಕ್ಕದ್ದನ್ನು ನಾವು ಯಾರೂ ಕಂಡಿರಲಿಲ್ಲ.

ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಬೀಡುಬಿಟ್ಟಿರುತ್ತವಲ್ಲ, ಅಲ್ಲಿಗೂ ಹೋಗುತ್ತೇವೆ. ಹಾಸ್ಯಪಾತ್ರದವನು ರಂಗಕ್ಕೆ ಬರುವ ಮೊದಲೇ ನಮ್ಮ ಸಾಲು ನಗಲು ಶುರುಮಾಡಿರುತ್ತದೆ.

ಮಗ, ಹುನಗುಂದ

ನಮ್ಮ ಅವ್ವನಿಗೆ ಹಲ್ಲಿಲ್ಲ. ಹಲ್ಲಿನ ಸೆಟ್ ಮಾಡಿಸಿದ್ದೇವೆ, ಅದು ಟ್ರಂಕಿನಲ್ಲಿದೆ. ಮದುವೆ ಮುಂಜಿ ಬಂದಾಗ ಇಳಕಲ್ ಸೀರೆಯೂ ಹಲ್ಲಿನ ಸೆಟ್ಟೂ ಒಟ್ಟಿಗೇ ಹೊರಗೆ ಬರುತ್ತವೆ, ಒಟ್ಟಿಗೇ ಒಳಗೆ ಹೋಗುತ್ತವೆ. ಸೀರೆಗೆ ಹಾಕಿದ ನುಸಿಗುಳಿಗೆಯ ವಾಸನೆ ಹಲ್ಲಿಗೂ ಹತ್ತಿರುತ್ತದೆ ಎಂದು ಅವ್ವನೇ ಹೇಳಿ ನಗುತ್ತಾಳೆ.

ಕಟಕ ರೊಟ್ಟಿ ತಿನ್ನುವ ಮನೆಯಲ್ಲಿ ಹಲ್ಲಿಲ್ಲದವರು ಒಂಟಿಯಾಗುತ್ತಾರೆ, ಇದು ಸಣ್ಣ ಮಾತಲ್ಲ. ಎಲ್ಲರೂ ಕಟುಂ ಕಟುಂ ಎಂದು ತಿನ್ನುವಾಗ ಅವ್ವ ಹಾಲಿನಲ್ಲಿ ರೊಟ್ಟಿ ನೆನೆಸಿಟ್ಟುಕೊಂಡು ಮೂಲೆಯಲ್ಲಿ ಕುಳಿತಿರುತ್ತಿದ್ದಳು. ಈಗ ನನ್ನ ಹೆಂಡತಿ ವಾರಕ್ಕೊಮ್ಮೆ ರೊಟ್ಟಿ ಮುಟಗಿ ಮಾಡುತ್ತಾಳೆ. ದಪ್ಪಗೆ ಬಡಿದ ಜೋಳದ ರೊಟ್ಟಿಯನ್ನು ಹಂಚಿನಿಂದ ಇಳಿಸಿದ ಕೂಡಲೇ ಒರಳಿಗೆ ಹಾಕಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು ಸೇರಿಸಿ ಬಿಸಿ ಆರುವ ಮೊದಲು ಕುಟ್ಟಬೇಕು. ಕುಟ್ಟುವುದು ಅವ್ವನ ಪಾಲಿನ ಕೆಲಸ. ಎಣ್ಣೆ ಬಿಟ್ಟು ಮುಷ್ಟಿಯಲ್ಲಿ ಒತ್ತಿದರೆ ಬೆರಳ ಗುರುತು ಮೂಡಿದ ಉಂಡೆ ಸಿದ್ಧ. ಆ ದಿನ ಮೊಮ್ಮಕ್ಕಳಿಗೆ ಅವಳು ಹಾಕುವ ಷರತ್ತು ಒಂದೇ. ಅಜ್ಜಿಯ ಜೊತೆ ತಿನ್ನುವವರು ಹಲ್ಲು ಮುಟ್ಟಿಸದೆ ತಿನ್ನಬೇಕು. ಹಲ್ಲು ಮುಟ್ಟಿಸಿದವರು ಸೋತಂತೆ. ದಿನವೂ ಶಾಲೆಯ ಓಟದಲ್ಲಿ ಗೆಲ್ಲುವ ನನ್ನ ಮಗ ಈ ಆಟದಲ್ಲಿ ಇದುವರೆಗೆ ಗೆದ್ದಿಲ್ಲ.

ಓದುಗ, ಬೆಳಗಾವಿ

ಎಲ್ಲರ ಬರಹವೂ ಖುಷಿ ಕೊಟ್ಟಿತು. ಆದರೆ ಒಂದು ಮಾತನ್ನು ಬಿಗಿಯಾಗಿಯೇ ಹೇಳುತ್ತೇನೆ. ಹಿರಿಯರು ನಗುವುದು ಬೇರೆ, ಹಿರಿಯರನ್ನು ನಗುವುದು ಬೇರೆ. ನನ್ನ ಪರಿಚಯದ ಮನೆಯೊಂದರಲ್ಲಿ ಅಜ್ಜ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದನ್ನು ಮೊಮ್ಮಕ್ಕಳು ವಿಡಿಯೊ ಮಾಡಿ, ಹಾಡು ಸೇರಿಸಿ ಊರಿಗೆಲ್ಲ ಹಂಚಿದರು. ಸಾವಿರಾರು ಜನ ನೋಡಿದರು. ಅಜ್ಜ ಎರಡು ದಿನ ಹಜಾರಕ್ಕೇ ಬರಲಿಲ್ಲ. ಮಕ್ಕಳಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ, ಒಪ್ಪುತ್ತೇನೆ. ಆದರೆ ಆ ನಗುವಿನಲ್ಲಿ ಅಜ್ಜನಿಗೆ ಪಾಲು ಇರಲಿಲ್ಲ. ಮೇಲೆ ಬರೆದ ದೊಡ್ಡವ್ವನನ್ನು ನೋಡಿ, ಮಾತು ಅವಳದು, ಸಮಯ ಅವಳದು, ಗೆಲುವೂ ಅವಳದು.

ಮೊಮ್ಮಗಳು, ಸದ್ಯ ಬೆಂಗಳೂರು (ಊರು ಗೋಕಾಕ)

ಬೆಳಗಾವಿಯ ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಮನೆಯಲ್ಲಿ ಅಜ್ಜಿ ನೋಡಿ ಒಪ್ಪದ ವಿಡಿಯೊ ಹೊರಗೆ ಹೋಗುವುದಿಲ್ಲ. ಕರದಂಟು ಮಾಡುವುದನ್ನು ತೆಗೆಯುವಾಗ ಅಜ್ಜಿ "ಅಂಟು ಹುರಿಯುವಾಗ ನನ್ನ ಮುಖ ಬೇಡ, ಕೈ ತೋರಿಸು, ಬಳೆ ಕಾಣಲಿ" ಎಂದು ತಾನೇ ಹೇಳಿಕೊಡುತ್ತಾಳೆ. ನಗುವುದು ಎಲ್ಲಿ, ಬೈಯುವುದು ಎಲ್ಲಿ ಎಂಬುದೂ ಅವಳದೇ ತೀರ್ಮಾನ.

ಕಿರಾಣಿ ಅಂಗಡಿ, ಮುಧೋಳ

ನಮ್ಮ ಅಂಗಡಿಯ ಮುಂದೆ ದಿನವೂ ಕೂರುವ ಕಾಕಾ ಒಬ್ಬರಿಗೆ ಕಿವಿ ಮಂದ. ಮೊನ್ನೆ ಇನ್ನೊಬ್ಬರು "ಕಾಕಾ, ಪೆನ್ಶನ್ ಬಂತೇ?" ಎಂದು ಕೇಳಿದರು. ಕಾಕಾ ಗಂಭೀರವಾಗಿ "ನನಗೆ ಟೆನ್ಶನ್ ಯಾವಾಗಲೂ ಬಂದಿಲ್ಲಪ್ಪ, ಬಂದದ್ದೆಲ್ಲ ನಿಮ್ಮ ಕಾಕಿಗೆ" ಎಂದರು. ಕಾಕಿ ಅಲ್ಲೇ ಬೇಳೆ ತೂಗಿಸಿಕೊಳ್ಳುತ್ತಿದ್ದರು. "ನನಗೆ ಬಂದದ್ದನ್ನೂ ಬ್ಯಾಂಕಿಗೆ ಹಾಕಿದ್ದರೆ ಈಗ ಬಡ್ಡಿಯಾದರೂ ಬರುತ್ತಿತ್ತು" ಎಂದರು. ವಿಷಯ ತಿಳಿದ ಮೇಲೆ ಕಾಕಾ ಎಲ್ಲರಿಗಿಂತ ಹೆಚ್ಚು ನಕ್ಕರು.

ಶ್ರವಣ ತಜ್ಞೆ, ಬೆಳಗಾವಿ

ಮುಧೋಳದ ಕಾಕಾ ಅವರಿಗೆ ನಮಸ್ಕಾರ ತಿಳಿಸಿ. ಅವರನ್ನು ಒಮ್ಮೆ ಶ್ರವಣ ಪರೀಕ್ಷೆಗೂ ಕರೆದುಕೊಂಡು ಹೋಗಿ. ವಯಸ್ಸಿನ ಕಿವುಡಿನಲ್ಲಿ ಎಲ್ಲ ಸದ್ದೂ ಒಂದೇ ಅಳತೆಯಲ್ಲಿ ಕಡಿಮೆಯಾಗುವುದಿಲ್ಲ. ತೆಳ್ಳನೆಯ, ಎತ್ತರದ ಸದ್ದುಗಳು ಮೊದಲು ಹೋಗುತ್ತವೆ. ಸ, ಶ, ತ ಮುಂತಾದ ವ್ಯಂಜನಗಳು ಮಸುಕಾಗುತ್ತವೆ, ಸ್ವರಗಳು ಉಳಿಯುತ್ತವೆ. ಆದ್ದರಿಂದಲೇ ಹಿರಿಯರು "ಸದ್ದು ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ" ಎನ್ನುತ್ತಾರೆ. ಪೆನ್ಶನ್ ಎಂದದ್ದು ಟೆನ್ಶನ್ ಎಂದು ಕೇಳಿಸುವುದು ಇಂಥ ಜಾಗದಲ್ಲಿಯೇ.

ಈ ಚರ್ಚೆಯ ವಿಷಯಕ್ಕೆ ಬಹಳ ಹತ್ತಿರದ ಸಂಗತಿಯೊಂದನ್ನು ನನ್ನ ಕೆಲಸದಲ್ಲಿ ಮತ್ತೆ ಮತ್ತೆ ಕಾಣುತ್ತೇನೆ. ಕಿವಿ ಮಂದವಾದವರಿಗೆ ಮೊದಲು ಕೈತಪ್ಪುವುದು ನಗೆಮಾತು. ಊಟಕ್ಕೆ ಕರೆದರೆ, ಔಷಧಿ ತೆಗೆದುಕೊಳ್ಳಿ ಎಂದರೆ ಅವರಿಗೆ ತಿಳಿಯುತ್ತದೆ, ಏಕೆಂದರೆ ಅದನ್ನು ಜೋರಾಗಿ, ಎದುರಿಗೆ ನಿಂತು, ಎರಡು ಸಲ ಹೇಳುತ್ತೇವೆ. ನಗೆಮಾತಿನ ಕೊನೆಯ ಪದವನ್ನು ಹಾಗೆ ಹೇಳುವುದಿಲ್ಲ. ದನಿ ತಗ್ಗಿಸಿ, ಬೇಗ, ಪಕ್ಕದವರ ಕಡೆ ತಿರುಗಿ ಹೇಳುತ್ತೇವೆ. ಎಲ್ಲರೂ ಗೊಳ್ಳೆಂದು ನಗುವಾಗ ಅಜ್ಜ ಸುತ್ತ ನೋಡುತ್ತಾರೆ. "ಏನೆಂದಿರಿ?" ಎಂದು ಕೇಳಿದರೆ "ಏನಿಲ್ಲ ಬಿಡಿ" ಎನ್ನುತ್ತೇವೆ. ಹೀಗೆ ಕೆಲವು ಸಲವಾದರೆ ಅವರು ಕೇಳುವುದನ್ನೇ ಬಿಡುತ್ತಾರೆ, ಆಮೇಲೆ ಬಂದು ಕೂರುವುದನ್ನೂ ಬಿಡುತ್ತಾರೆ. ಮನೆಯವರು "ಇತ್ತೀಚೆಗೆ ಅಪ್ಪ ಬಹಳ ಗಂಭೀರವಾಗಿದ್ದಾರೆ" ಎಂದುಕೊಳ್ಳುತ್ತಾರೆ.

"ಏನಿಲ್ಲ ಬಿಡಿ" ಎನ್ನುವುದನ್ನು ದಯವಿಟ್ಟು ನಿಲ್ಲಿಸಿ. ಟಿವಿಯ ಸದ್ದು ತಗ್ಗಿಸಿ, ಬೆಳಕಿರುವ ಕಡೆ ಮುಖ ಮಾಡಿ, ಕೊನೆಯ ಮಾತನ್ನು ಇನ್ನೊಮ್ಮೆ ಅವರ ಎದುರಿಗೇ ಹೇಳಿ. ಕೂಗುವುದು ಬೇಡ, ಕೂಗಿದರೆ ಮಾತು ಇನ್ನಷ್ಟು ಒಡೆಯುತ್ತದೆ. ತುಸು ನಿಧಾನವಾಗಿ ಬಿಡಿಸಿ ಹೇಳಿದರೆ ಸಾಕು. ಎರಡನೆಯ ಸಲ ಹೇಳಿದ ನಗೆಮಾತು ಸಪ್ಪೆಯಾಗುತ್ತದೆ ಎಂಬ ಅಂಜಿಕೆಯೂ ಬೇಡ. ಅಜ್ಜ ತಡವಾಗಿ ನಕ್ಕಾಗ ಉಳಿದವರು ಇನ್ನೊಮ್ಮೆ ನಗುತ್ತಾರೆ.

ನಿವೃತ್ತ ಶಿಕ್ಷಕಿ, ವಿಜಯಪುರ

ತಾಯಿ, ನಿಮ್ಮ ಮಾತನ್ನು ಓದಿ ನಮ್ಮ ಕಟ್ಟೆಯ ತುದಿಯಲ್ಲಿ ಸುಮ್ಮನೆ ಕೂರುವ ಇಬ್ಬರ ನೆನಪಾಯಿತು. ನಾಳೆ ಅವರನ್ನು ನಡುವೆ ಕೂರಿಸಿಕೊಳ್ಳುತ್ತೇವೆ.

ಬೆಳಗಿನ ನಡಿಗೆಯ ಗುಂಪು, ಬೆಳಗಾವಿ

ಉದ್ಯಾನದಲ್ಲಿ ಕೈಯೆತ್ತಿ "ಹೋ ಹೋ ಹಾ ಹಾ" ಎನ್ನುವ ನಗೆಕೂಟಗಳ ಬಗ್ಗೆ ಯಾರೂ ಬರೆದಿಲ್ಲ. ಕಾರಣವಿಲ್ಲದೆ ನಗುವುದು ಏಕೆ ಎಂದು ಬಹಳ ಮಂದಿ ಕೇಳುತ್ತಾರೆ. ಅದರ ಹುಟ್ಟು ಗೊತ್ತಿದ್ದರೆ ಈ ಪ್ರಶ್ನೆಗೆ ಉತ್ತರ ಸಿಗುತ್ತದೆ. 1995ರ ಮಾರ್ಚ್ 13ರಂದು ಮುಂಬಯಿಯ ಉದ್ಯಾನವೊಂದರಲ್ಲಿ ಡಾ. ಮದನ್ ಕಟಾರಿಯಾ ಐದೇ ಜನರೊಂದಿಗೆ ಇದನ್ನು ಶುರುಮಾಡಿದರು. ಆಗ ಎಲ್ಲರೂ ನಗೆಹನಿ ಹೇಳುತ್ತಿದ್ದರು. ಕೆಲವೇ ದಿನಗಳಲ್ಲಿ ಒಳ್ಳೆಯವು ಮುಗಿದು ಮನಸ್ಸು ನೋಯಿಸುವ, ಅಸಭ್ಯವಾದ ನಗೆಹನಿಗಳು ಬರತೊಡಗಿದವು. ಆಗ ನಗೆಹನಿಯನ್ನೇ ಬಿಟ್ಟು ಬರಿಯ ನಗುವನ್ನು ಇಟ್ಟುಕೊಂಡರು. ಈಗ ಮೇ ತಿಂಗಳ ಮೊದಲ ಭಾನುವಾರವನ್ನು ವಿಶ್ವ ನಗೆ ದಿನವೆಂದು ಆಚರಿಸುತ್ತಾರೆ. ನಮ್ಮ ಗುಂಪಿನಲ್ಲಿ ಮೊದಲ ನಿಮಿಷ ಒತ್ತಾಯದ ನಗು, ಆಮೇಲೆ ಪಕ್ಕದವರ ಮುಖ ನೋಡಿ ಬರುವುದು ಅಪ್ಪಟ ನಗು. ಹರ್ನಿಯಾ ಇದ್ದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳಿ ಬನ್ನಿ.

ಓದುಗ, ಬೆಳಗಾವಿ

ನನಗೆ ಇದು ಒಗ್ಗುವುದಿಲ್ಲ. ಶೇಂಗಾ ಹೋಳಿಗೆ ಕೊಟ್ಟ ದೊಡ್ಡವ್ವ ಇರುವ ಬಸ್ಸನ್ನೇ ಹತ್ತುತ್ತೇನೆ. ಆದರೆ ಬೆಳಗ್ಗೆ ಎದ್ದು ಹತ್ತು ಜನರ ಮುಖ ನೋಡುವುದು ಒಳ್ಳೆಯದೇ, ಅದಕ್ಕೆ ನನ್ನ ತಕರಾರಿಲ್ಲ.

ನಿಂಬೆ ತೋಟ, ಇಂಡಿ ತಾಲ್ಲೂಕು

ಎಲ್ಲವನ್ನೂ ಓದಿದೆ. ನನಗೆ ಅರವತ್ತೆಂಟು. ಮನೆಯವಳು ಹೋದ ಮೇಲೆ ನನಗೆ ನಗು ಬರುವುದಿಲ್ಲ. ಮಗ, ಸೊಸೆ ಚೆನ್ನಾಗಿ ನೋಡಿಕೊಳ್ಳುತ್ತಾರೆ, ದೂರಿಲ್ಲ. ತೋಟದಲ್ಲಿ ಕೆಲಸ ಇದೆ. ಆದರೆ ನಗೆಮಾತು ಕೇಳಿದರೆ ಇದನ್ನು ಅವಳಿಗೆ ಹೇಳಬೇಕಿತ್ತು ಎನ್ನಿಸುತ್ತದೆ. ಅಲ್ಲಿಗೇ ನಿಲ್ಲುತ್ತದೆ. ರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ, ಮತ್ತೆ ನಿದ್ದೆ ಇಲ್ಲ. ನಿಮ್ಮೆಲ್ಲರ ಮಾತಿಗೆ ಅಡ್ಡ ಬಂದೆ ಎಂದು ತಿಳಿಯಬೇಡಿ.

ಆಪ್ತಸಮಾಲೋಚಕಿ, ಧಾರವಾಡ (ಊರು ಸಿಂದಗಿ)

ಕಾಕಾ, ಅಡ್ಡ ಬಂದಿಲ್ಲ. ನೀವು ಬರೆದದ್ದರಿಂದ ಈ ಚರ್ಚೆಗೆ ತೂಕ ಬಂದಿದೆ. ಒಂದು ಮಾತನ್ನು ಮನೆಮಗಳೆಂದು ತಿಳಿದು ಕೇಳಿ. ದುಃಖ ಇರುವುದು ಸಹಜ. ಆದರೆ ಬಹಳ ಕಾಲ ಯಾವುದರಲ್ಲಿಯೂ ಮನಸ್ಸು ನಿಲ್ಲದಿರುವುದು, ನಸುಕಿನಲ್ಲಿ ಎಚ್ಚರವಾಗಿ ನಿದ್ದೆ ಬಾರದಿರುವುದು, ಊಟ ಸೇರದಿರುವುದು ಖಿನ್ನತೆಯ ಲಕ್ಷಣಗಳೂ ಆಗಿರಬಹುದು. ವಯಸ್ಸಾದ ಮೇಲೆ ಇದು ಇದ್ದದ್ದೇ ಎಂದು ಜನ ಬಿಟ್ಟುಬಿಡುತ್ತಾರೆ. ಬಿಡಬಾರದು, ಇದಕ್ಕೆ ಚಿಕಿತ್ಸೆ ಇದೆ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೇ ಮಾತನಾಡುತ್ತಾರೆ, ಹಣ ಕೊಡಬೇಕಿಲ್ಲ. ಹಿರಿಯ ನಾಗರಿಕರ ಸಹಾಯವಾಣಿ 14567. ಎದುರಿಗೆ ಕುಳಿತು ಮಾತನಾಡಬೇಕೆಂದರೆ ಜಿಲ್ಲಾ ಆಸ್ಪತ್ರೆ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ.

ಇನ್ನೊಂದು ಮಾತು. ಕಾಕಿಗೆ ಹೇಳಬೇಕೆನಿಸಿದ ನಗೆಮಾತು ಅಲ್ಲಿಗೇ ನಿಲ್ಲುತ್ತದೆ ಎಂದಿರಿ. ಅದನ್ನು ನಿಲ್ಲಿಸದೆ ಇಲ್ಲಿ ಬರೆಯಿರಿ. ಕಾಕಿ ಏತಕ್ಕೆ ನಗುತ್ತಿದ್ದರು ಎಂಬುದನ್ನೂ ಬರೆಯಿರಿ. ನಮಗೆ ಬೇಕು.

ನಿವೃತ್ತ ಶಿಕ್ಷಕಿ, ವಿಜಯಪುರ

ಅಣ್ಣಾವರೇ, ನಾವು ಕೆಲವರು ವಾರಕ್ಕೊಮ್ಮೆ ಗೋಳಗುಮ್ಮಟದ ಉದ್ಯಾನದಲ್ಲಿ ಸೇರುತ್ತೇವೆ. ಮಹಮ್ಮದ್ ಆದಿಲ್ ಶಾಹನ ಗೋರಿ ಅದು, 1656ರಲ್ಲಿ ಮುಗಿದ ಕಟ್ಟಡ ಎಂದು ಮಕ್ಕಳಿಗೆ ವರ್ಷಗಟ್ಟಲೆ ಪಾಠ ಹೇಳಿದ್ದೇನೆ. ಮೇಲಿನ ಪಿಸುಗುಟ್ಟುವ ಮೊಗಸಾಲೆಗೆ ಮೂಲೆಯ ಗೋಪುರದ ಏಳು ಅಂತಸ್ತು ಹತ್ತಬೇಕು. ನಮ್ಮಲ್ಲಿ ಹೆಚ್ಚಿನವರು ಕೆಳಗೇ ಉಳಿಯುತ್ತೇವೆ. ಒಮ್ಮೆ ಎಪ್ಪತ್ತು ದಾಟಿದ ವಕೀಲರೊಬ್ಬರು ಪ್ರತಿ ಅಂತಸ್ತಿನಲ್ಲೂ ಕುಳಿತು ಏಳುತ್ತ ಹತ್ತಿದರು. ಮೇಲೆ ಹೋಗಿ ಜೋರಾಗಿ "ಚಹಾ ಬೇಕು!" ಎಂದು ಕೂಗಿದರು. ಗುಮ್ಮಟ ಅದನ್ನು ಮತ್ತೆ ಮತ್ತೆ ಹೇಳಿತು. ಇಳಿದು ಬಂದು "ಮನೆಯಲ್ಲಿ ನಾನು ಏಳು ಸಲ ಕೂಗಿದರೆ ಒಂದು ಸಲ ಕೇಳಿಸುತ್ತದೆ, ಇಲ್ಲಿ ಒಂದು ಸಲ ಕೂಗಿದರೆ ಏಳು ಸಲ ಕೇಳಿಸುತ್ತದೆ" ಎಂದರು. ಅವರ ಮನೆಯವರು ಥರ್ಮಾಸ್‌ನಿಂದ ಚಹಾ ಬಗ್ಗಿಸುತ್ತ "ಹಾಗಾದರೆ ಇಲ್ಲೇ ಇದ್ದುಬಿಡಿ" ಎಂದರು.

ನಗಬೇಕೆಂಬ ಷರತ್ತು ನಮ್ಮಲ್ಲಿ ಇಲ್ಲ. ಸುಮ್ಮನೆ ಬಂದು ಕೂರುವವರೂ ಇದ್ದಾರೆ. ಮುಂದಿನ ಭಾನುವಾರ ಬನ್ನಿ.

ನಿಂಬೆ ತೋಟ, ಇಂಡಿ ತಾಲ್ಲೂಕು

ಭಾನುವಾರ ಆಗುವುದಿಲ್ಲ, ಹಣ್ಣು ಕೀಳಿಸುವುದಿದೆ. ಸಹಾಯವಾಣಿಯ ನಂಬರ್ ಬರೆದಿಟ್ಟುಕೊಂಡಿದ್ದೇನೆ. ಮನೆಯವಳ ಬಗ್ಗೆ ಕೇಳಿದಿರಿ, ಅದಕ್ಕೆ ಒಂದು ಹೇಳುತ್ತೇನೆ. ಮಾರುಕಟ್ಟೆಯಲ್ಲಿ ನಿಂಬೆಗೆ ದರ ಬಿದ್ದ ದಿನ ನಾನು ಮುಖ ಇಳಿಸಿಕೊಂಡು ಮನೆಗೆ ಬಂದರೆ ಅವಳು ಚಹಾ ಕೊಡುತ್ತಿರಲಿಲ್ಲ, ಶರಬತ್ತು ಕೊಡುತ್ತಿದ್ದಳು. "ಸಕ್ಕರೆಗೆ ದರ ಹೆಚ್ಚಿದೆ, ನಿಂಬೆ ಪುಕ್ಕಟೆ" ಎನ್ನುತ್ತಿದ್ದಳು. ದರ ಏರಿದ ದಿನ ಶರಬತ್ತು ಕೇಳಿದರೆ "ಶ್ರೀಮಂತರು ಚಹಾ ಕುಡಿಯಿರಿ" ಎಂದು ಗದರುತ್ತಿದ್ದಳು.

ಭಜನಾ ಮಂಡಳಿ, ಜಮಖಂಡಿ

ಅಣ್ಣಾ, ಅವರು ನಮ್ಮ ಮಂಡಳಿಯಲ್ಲಿ ಇರಬೇಕಿತ್ತು.

ಮಗ, ಹುನಗುಂದ

ಶರಬತ್ತಿನ ಮಾತನ್ನು ಅವ್ವನಿಗೆ ಓದಿ ಹೇಳಿದೆ. ಎರಡನೆಯ ಸಲ ಎದುರಿಗೆ ಕುಳಿತು ಹೇಳಿದೆ. ಬಹಳ ನಕ್ಕಳು. ಆಮೇಲೆ ಯಾರು ಆ ತಾಯಿ, ಎಲ್ಲಿಯವರು ಎಂದು ಕೇಳಿದಳು.

ನಿವೃತ್ತ ಶಿಕ್ಷಕಿ, ವಿಜಯಪುರ

ಅಣ್ಣಾವರೇ, ಹಾಗಾದರೆ ಗುರುವಾರ ಇಟ್ಟುಕೊಳ್ಳೋಣ, ವಕೀಲರಿಗೂ ಅದೇ ಅನುಕೂಲ. ಸಂಜೆ ನಾಲ್ಕಕ್ಕೆ ಬನ್ನಿ. ಆಧಾರ್ ಕಾರ್ಡ್ ಇರಲಿ, ಅರವತ್ತು ದಾಟಿದವರಿಗೆ ಸಾರಿಗೆ ನಿಗಮದ ಬಸ್ಸಿನಲ್ಲಿ ಶೇಕಡಾ 25 ರಿಯಾಯಿತಿ ಇದೆ. ಜಮಖಂಡಿಯವರೂ ಬರಬಹುದು. ಆದರೆ ಮುಂದೆ ಪಂಢರಪುರಕ್ಕೆ ಎಂದು ಹೊರಟರೆ ಅಂತರರಾಜ್ಯ ಬಸ್ಸಿಗೆ ಶಕ್ತಿ ಯೋಜನೆ ಅನ್ವಯಿಸುವುದಿಲ್ಲ, ಟಿಕೆಟ್ ಹಣ ಜೊತೆಗಿರಲಿ.

ನಿಂಬೆ ತೋಟ, ಇಂಡಿ ತಾಲ್ಲೂಕು

ಗುರುವಾರ ನೋಡುತ್ತೇನೆ. ಬಂದರೆ ಒಂದು ಚೀಲ ಹಣ್ಣು ತರುತ್ತೇನೆ. ಉಪ್ಪಿನಕಾಯಿ ಹಾಕುವವರು ಎಷ್ಟು ಬೇಕೆಂದು ಬುಧವಾರದೊಳಗೆ ಬರೆಯಿರಿ.

ಭಜನಾ ಮಂಡಳಿ, ಜಮಖಂಡಿ

ನಮಗೆ ಇನ್ನೂರು. ದೊಡ್ಡವ್ವ ಶರಬತ್ತಿಗೆಂದು ಬೇರೆ ಇಪ್ಪತ್ತು ಕೇಳಿದ್ದಾಳೆ, ಸಕ್ಕರೆ ತಾನೇ ತರುತ್ತಾಳಂತೆ.